ಸೋಮವಾರ ಹೊರಟ ಗಾಲಿ

ನಮ್ಮ ಮನೆಯಲ್ಲಿ ಸೋಮವಾರ ಗಾಲಿ ತಿರುಗುತ್ತಿರಲಿಲ್ಲ. ಅದು ಬಸವಣ್ಣನ ವಾರ ಎಂದು ಎತ್ತಿನ ಹೆಗಲಿಗೆ ನೊಗ ಇಡದ ಮನೆಗಳು ಮರಾಠಿ ಸೀಮೆಯ ನಮ್ಮ ನಿಲಂಗಾ ಕಡೆಯ ಊರುಗಳಲ್ಲಿ ಇನ್ನೂ ಇವೆ. ನಮ್ಮ ಅಪ್ಪ ಆ ನೇಮವನ್ನು ಕಾರಿಗೂ ಹಚ್ಚಿದ್ದ. ಎತ್ತು ಮಾರಿ ಹಳೆಯದೊಂದು ಬಿಳಿ ಕಾರು ತಂದ ಮೇಲೆ, ಸೋಮವಾರ ಅದರ ಮೂತಿಗೆ ವಿಭೂತಿ ಹಚ್ಚಿ ಅಂಗಳದಲ್ಲೇ ಬಿಡುತ್ತಿದ್ದ. ಎತ್ತು ದಣಿಯುತ್ತದೆ, ಕಬ್ಬಿಣ ಏನು ದಣಿಯುತ್ತದೆ ಎಂದು ಮಂದಿ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಕಾರು ತಗಡಿನ ಚಪ್ಪರದ ಕೆಳಗೆ ನಿಂತುಬಿಟ್ಟಿತು. ಮಳೆಗಾಲದಲ್ಲಿ ಅದರ ಗಾಲಿಗಳವರೆಗೆ ನೀರು ಬರುತ್ತಿತ್ತು. ನನ್ನ ತಮ್ಮ ಉದಗೀರದಲ್ಲಿ ಕಾಳಿನ ಅಂಗಡಿ ಇಟ್ಟುಕೊಂಡು ಸಂಸಾರ ಸಮೇತ ಅಲ್ಲಿದ್ದ. ಗಂಡ ತೀರಿದ ಮೇಲೆ ತವರಿಗೆ ಬಂದ ನಾನು ಊರ ಮನೆಯಲ್ಲಿದ್ದೆ. ಕಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಚೀಲ ಕಟ್ಟಿಕೊಂಡು ಬಸ್ಸಿನಲ್ಲಿ ಉಮರ್ಗಾದ ಖಾನಾವಳಿಗಳಿಗೆ ಒಯ್ದು ಕೊಡುವುದು ನನ್ನ ಕೆಲಸ. ಬಸ್ಸಿನ ನೂಕುನುಗ್ಗಲಿನಲ್ಲಿ ಅರ್ಧ ರೊಟ್ಟಿ ಪುಡಿಯಾಗುತ್ತಿದ್ದವು. ಪುಡಿಯಾದದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ವಾಪಸು ತಂದು ಕೋಳಿಗೆ ಹಾಕುತ್ತಿದ್ದೆ.

ಹೋಳಿ ಮುಗಿದ ಮೇಲೆ ತಮ್ಮ ಶನಿವಾರ ಶನಿವಾರ ಊರಿಗೆ ಬರತೊಡಗಿದ. ಹುಡುಗನಾಗಿದ್ದಾಗ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದ, ಕೈಗೆ ಇನ್ನೂ ರೂಢಿ ಇತ್ತು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಎಂಜಿನ್ ಚೆನ್ನಾಗಿದೆ, ಬ್ರೇಕುಗಳಷ್ಟೇ ತುಕ್ಕು ಹಿಡಿದು ಗಾಲಿಗಳನ್ನು ಕಚ್ಚಿಕೊಂಡಿವೆ ಎಂದ. ಕಾರು ಓಡಿಸುವುದನ್ನು ಅಪ್ಪ ನನಗೆ ಹೊಲದಲ್ಲೇ ಕಲಿಸಿದ್ದ. ಅದು ತಮ್ಮನಿಗೆ ನೆನಪಿತ್ತು.

"ಗಾಡಿ ಸುರು ಆಯ್ತಂದ್ರ ನಿನ್ನ ಕಡೀನೇ ಇರ್ಲಿ ಅಕ್ಕಾ. ರೊಟ್ಟಿ ಹಾಕ್ಕೊಂಡು ರಾಣಿಗತೆ ಉಮರ್ಗಾಕ್ಕ ಹೋಗು."

ನಾನು ಅದನ್ನು ನಂಬಿದೆ. ಅವ್ವ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವಳು ನಾನು. ಅವನಿಗಾಗಿಯೇ ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ.

ಮುಂದಿನ ಗಾಲಿಗಳು ಬೇಗ ಬಿಟ್ಟವು. ಹಿಂದಿನವು ಸತಾಯಿಸಿದವು. ಅಲ್ಲಿ ಬ್ರೇಕ್ ಇರುವುದು ಬೋಗುಣಿಯಂಥ ಡ್ರಮ್ಮಿನ ಒಳಗೆ. ಅದು ಅಚ್ಚಿಗೆ ತುಕ್ಕಿನಿಂದ ಬೆಸೆದುಹೋಗಿತ್ತು. ವಾರವಿಡೀ ನಾನು ಮುಂಜಾನೆ ಸಂಜೆ ಅದರ ಸಂದಿಗೆ ಡೀಸೆಲ್ ಬಿಡುತ್ತಿದ್ದೆ. ಶನಿವಾರ ತಮ್ಮ ಕಟ್ಟಿಗೆ ಅಡ್ಡ ಹಿಡಿದು ಸುತ್ತಿಗೆಯಿಂದ ಬಡಿಯುತ್ತಿದ್ದ, ನಾನು ಗಾಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದೆ. ಒಂದು ಮಧ್ಯಾಹ್ನ ಡ್ರಮ್ಮು ಒಮ್ಮೆಲೇ ಕಳಚಿ ಅವನ ತೊಡೆಯ ಮೇಲೆ ಬಿತ್ತು. ಇಬ್ಬರ ಮುಖಕ್ಕೂ ಕೆಂಪು ಪುಡಿ. "ಅಪ್ಪನ ಹಟ ಇದಕ್ಕೂ ಬಂದದ ನೋಡು" ಎಂದು ಅವನು ನಕ್ಕ. ನಾನು ಅಷ್ಟು ನಕ್ಕು ಬಹಳ ದಿನವಾಗಿತ್ತು.

ಕೊನೆಗೆ ಉಳಿದದ್ದು ಹ್ಯಾಂಡ್‌ಬ್ರೇಕಿನ ತಂತಿ ಸಿಗಿಸುವ, ಬೆರಳುದ್ದದ ಸಣ್ಣ ಕಬ್ಬಿಣದ ತುಂಡು, ಎರಡೂ ಕಡೆ ಒಂದೊಂದು. ಎಳೆದರೆ ಬರುತ್ತಿತ್ತು, ಬಿಟ್ಟರೆ ವಾಪಸು ಹೋಗುತ್ತಿರಲಿಲ್ಲ. ಮಂಗಳವಾರ ಉದಗೀರದಿಂದ ಸಾಮಾನು ತಂದು ತಾನೇ ಹಾಕುತ್ತೇನೆ, ನೀನು ಮುಟ್ಟಬೇಡ ಎಂದ. ಗಾಲಿಯನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪಟ್ಟಿಗಳಿಗೆ ಹತ್ತಿದ್ದ ಡೀಸೆಲ್ಲನ್ನು ಪೆಟ್ರೋಲಿನಿಂದ ತೊಳೆದು, ಒಂದನ್ನು ತೋರಿಸಿ ಇನ್ನೊಂದು ಮಾತು ಹೇಳಿದ.

"ಇದಕ್ಕ ಎಣ್ಣಿ ಹತ್ತಬಾರ್ದು ನೋಡಕ್ಕಾ. ಹತ್ತಿದ್ರ ಹಿಡಿಯಂಗಿಲ್ಲ, ಜಾರ್ತದ."

ನಾನು ಮುಟ್ಟಿದೆ. ಮಂಗಳವಾರ ಅವನು ಬರುವಷ್ಟರಲ್ಲಿ ಮಾಡಿಟ್ಟು, ಅವನಿಂದ ಶಾಬಾಶ್ ಅನ್ನಿಸಿಕೊಳ್ಳುವ ಆಸೆ. ಬಂಡಿಯ ಅಚ್ಚಿಗೆ, ಬಾವಿಯ ಗಡಗಡಿಗೆ, ಬಾಗಿಲ ಕೀಲಿಗೆ, ಎಲ್ಲಕ್ಕೂ ಅಪ್ಪ ಹಾಕುತ್ತಿದ್ದದ್ದು ಹೊಲದ ಕುಸುಬಿ ಎಣ್ಣೆ. ಭಾನುವಾರ ಒಲೆ ಆರಿಸಿ, ಎರಡೂ ಡ್ರಮ್ಮು ಬಿಚ್ಚಿ, ಆ ತುಂಡುಗಳಿಗೆ ಚಮಚದಿಂದ ಎಣ್ಣೆ ಬಿಟ್ಟೆ. ಬೆಣ್ಣೆಯ ಹಾಗೆ ಸಡಿಲಾದವು. ಆದರೆ ಎಣ್ಣೆ ಹರಿದು ಪಟ್ಟಿಗಳಿಗೂ ಇಳಿಯಿತು. ಬಟ್ಟೆಯಿಂದ ಒರೆಸಿದೆ, ಹೊಳಪು ಹೋಗಲಿಲ್ಲ. ಮಂಗಳವಾರ ಪೆಟ್ರೋಲು ತರಿಸಿ ತೊಳೆದರಾಯಿತು, ನಾಳೆ ಸೋಮವಾರ, ನಮ್ಮ ಮನೆಯ ಗಾಲಿ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡು, ಕೋಳಿಗಳ ಧೂಳು ಕೂಡದಿರಲೆಂದು ಡ್ರಮ್ಮು ಮುಚ್ಚಿ ಗಾಲಿ ಬಿಗಿದಿಟ್ಟೆ.

ಸೋಮವಾರ ನಾನು ಕಾರಿಗೆ ವಿಭೂತಿ ಹಚ್ಚುತ್ತಿದ್ದೆ. ಮಂಗಳವಾರ ಬರಬೇಕಿದ್ದ ತಮ್ಮ ಇನ್ನೊಬ್ಬರ ಮೋಟರ್‌ಸೈಕಲ್ ಮೇಲೆ ಹಿಂದೆ ಕೂತು ಬಂದಿಳಿದ. ಮೋಟರ್‌ಸೈಕಲ್ ಓಡಿಸಿಕೊಂಡು ಬಂದಾತ ಉದಗೀರದಾಚೆಯ ಜಳಕೋಟದವನು, ತಮ್ಮನ ಅಂಗಡಿಯ ಗಿರಾಕಿ, ನಡುವಯಸ್ಸು. ಆತ ಕಾರಿನ ಬಾಗಿಲು ತೆಗೆದು ಹಾಕಿ ನೋಡಿದ ರೀತಿಯಲ್ಲೇ ನನಗೆ ತಿಳಿಯಬೇಕಿತ್ತು. ಚಹಾ ಕೊಡುವಾಗ ಆತ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ: ಹೋಳಿಗೆ ಮುಂಚೆಯೇ ಕಾರಿನ ವ್ಯಾಪಾರದ ಮಾತು ಮುಗಿದಿತ್ತು, ಬ್ರೇಕ್ ಬಿಡಿಸಿ ಕೊಡುತ್ತೇನೆ ಎಂದು ನಿಮ್ಮ ತಮ್ಮ ಇಷ್ಟು ದಿನ ಕಾಯಿಸಿದ, ಇವತ್ತೇ ಒಯ್ಯುತ್ತೇನೆಂದು ನಾನೇ ಹಟ ಹಿಡಿದು ಬಂದೆ, ನೀವೂ ಬಹಳ ಕಷ್ಟಪಟ್ಟಿರಂತೆ.

ಹೋಳಿಗೆ ಮುಂಚೆ. ಅಂದರೆ ಮೊದಲ ಶನಿವಾರ ಅವನು ಸುತ್ತಿಗೆ ಹಿಡಿಯುವಾಗಲೇ ಕಾರು ಬೇರೆಯವರದಾಗಿತ್ತು. ರಾಣಿಗತೆ ಹೋಗು ಅಂದದ್ದು, ಆ ಕೆಂಪು ಪುಡಿ, ಆ ನಗು, ಎಲ್ಲ ಬೇರೆಯವರ ಕಾರಿನ ಕೆಲಸ. ನಾನು ವಾರವಿಡೀ ಡೀಸೆಲ್ ಬಿಟ್ಟದ್ದು ಜಳಕೋಟಕ್ಕೆ. ಗಂಡನ ಮನೆಯವರು ನನ್ನನ್ನು ಹೊರಗೆ ಹಾಕಿದಾಗಲೂ ನನಗೆ ಹೀಗಾಗಿರಲಿಲ್ಲ, ಅವರು ಯಾವತ್ತೂ ನನಗೆ ಏನೂ ಕೊಡುತ್ತೇವೆಂದಿರಲಿಲ್ಲ.

ತಮ್ಮ ನನ್ನ ಮುಖ ನೋಡಲಿಲ್ಲ. ಅಂಗಡಿಗೆ ಸಾಮಾನಿನ ಗಾಡಿ ಕೊಳ್ಳಲು ರೊಕ್ಕ ಬೇಕು, ನಿನಗೆ ಮುಂದೆ ನೋಡೋಣ ಎಂದು ನೆಲಕ್ಕೆ ಹೇಳಿದ. ಇವತ್ತು ಸೋಮವಾರ ಎಂದೆ. ಅದೆಲ್ಲ ಅಪ್ಪನ ಸಂಗಡ ಹೋಯಿತು ಎಂದ. ಕಾರಿನಲ್ಲಿ ಕೂತು ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟು ನೋಡಿದವನ ಮುಖ ಅರಳಿತು.

"ಬಿಡ್ಲತದಲ್ಲ! ನೀನೇ ಮಾಡ್ದೇನಕ್ಕಾ?" ಆ ಗಿರಾಕಿಯ ಕಡೆ ತಿರುಗಿ, ಇದು ನಮ್ಮ ಅಕ್ಕನ ಕೈಗುಣ ಎಂದ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಪಟ್ಟಿಗಿ ಎಣ್ಣಿ ಏನ ಹತ್ತಿಲ್ಲಲ್ಲ?"

"ಇಲ್ಲ."

ಅಷ್ಟೇ ಅಂದೆ. ಆ ಒಂದು ಮಾತಿಗೆ ಅವನು ಗಾಲಿ ಬಿಚ್ಚಿಯೂ ನೋಡದೆ ಹೊರಟ.

ಅವನಿಗೆ ಪೆಟ್ಟಾಗಲಿ ಎಂದು ನಾನು ಬಯಸಿದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪೆಟ್ಟು ಬೇಡವಾಗಿತ್ತು. ಗಿರಾಕಿಯ ಮುಂದೆ ಅವನ ಮುಖ ಸಣ್ಣದಾಗಲಿ, ಕಾರು ವಾಪಸು ಬರಲಿ ಎಂದು ಬಯಸಿದೆ. ಅದರ ಆಚೆಗೆ ಯೋಚಿಸಲು ನನಗೆ ಮನಸ್ಸಿರಲಿಲ್ಲ.

ಜಳಕೋಟದ ದಾರಿಯಲ್ಲಿ, ಶಿರೂರ ಅನಂತಪಾಳದ ಹತ್ತಿರ ಏರಿನಲ್ಲಿ ಒಂದು ಚಹಾದ ಹೋಟೆಲು. ಗಿರಾಕಿ ಮೋಟರ್‌ಸೈಕಲ್ ಮೇಲೆ ಹಿಂದಿದ್ದ. ಬ್ಯಾಟರಿ ಹಳೆಯದು, ಒಮ್ಮೆ ಆರಿಸಿದರೆ ಮತ್ತೆ ಹತ್ತುವುದಿಲ್ಲ ಎಂದು ತಮ್ಮ ಎಂಜಿನ್ ಚಾಲೂ ಬಿಟ್ಟು, ಗೇರ್ ತೆಗೆದು, ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಿ ಇಳಿದ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನಷ್ಟೇ, ಅಲ್ಲಿಯವರೆಗೆ ಮುಂದಿನ ಬ್ರೇಕುಗಳೇ ಸಾಕಾಗಿದ್ದವು. ಕಾರು ಹಿಂದಕ್ಕೆ ಜಾರಿತು. ಕೆಳಗೆ ಒಬ್ಬಳು ಮುದುಕಿ ಕಾಯಿಪಲ್ಯೆ ಹರಡಿಕೊಂಡು ಕೂತಿದ್ದಳು. ತಮ್ಮ ಓಡಿ ಹೋಗಿ ಹಿಂದಿನಿಂದ ಹೆಗಲು ಕೊಟ್ಟ. ಗಿರಾಕಿ ಕಲ್ಲು ತಂದು ಗಾಲಿಗೆ ಕೊಡುವಷ್ಟರಲ್ಲಿ ಗಾಲಿ ತಮ್ಮನ ಎಡಗಾಲಿನ ಪಾದದ ಮೇಲೆ ಏರಿತ್ತು. ಮುದುಕಿಗೆ ಏನೂ ಆಗಲಿಲ್ಲ.

ಲಾತೂರಿನ ದವಾಖಾನೆಯಲ್ಲಿ ನನ್ನನ್ನು ಕಂಡ ಕೂಡಲೇ ಅವನು ಅತ್ತ.

"ತಪ್ಪು ನಂದೇ ಅಕ್ಕಾ. ನಿನಗ ಹೇಳ್ದೆ ಮಾರ್ದೆ, ಅದೂ ಸೋಮವಾರ ಗಾಲಿ ಹೊರಡಿಸ್ದೆ. ಅಪ್ಪ ಬಿಡ್ತಾನೇನು?"

ಹೇಳುವ ಹೊತ್ತು ಅದಾಗಿತ್ತು. ಸೋಮವಾರ ಅಲ್ಲೋ ತಮ್ಮಾ, ಎಣ್ಣೆ ಎನ್ನಬೇಕಿತ್ತು. ನಾನು ಅವನ ತಲೆ ಸವರಿ, ಇರಲಿ ಬಿಡು, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದೆ. ನಾನು ಅವನನ್ನು ಕ್ಷಮಿಸಿದೆ. ಪಕ್ಕದಲ್ಲಿ ನಿಂತ ಅವನ ಹೆಂಡತಿ ನನ್ನ ಕಾಲು ಮುಟ್ಟಿದಳು.

ಗಿರಾಕಿ ಕಾರು ಬೇಡವೆಂದ. ಅದು ಅಂಗಳಕ್ಕೆ ವಾಪಸು ಬಂದ ಮೇಲೆ ಡ್ರಮ್ಮು ಬಿಚ್ಚಿ ನೋಡಿದೆ. ಕುಸುಬಿ ಎಣ್ಣೆ ಪಟ್ಟಿಗಳ ಮೇಲೆ ಅಂಟಾಗಿ ಕೂತಿತ್ತು. ಹೊಸ ಪಟ್ಟಿ ಹಾಕಿದೆ. ಹಳೆಯವನ್ನು ಗುಜರಿಯವನಿಗೂ ಕೊಡಲಿಲ್ಲ, ಹೊಲದ ಪಾಳುಬಾವಿಗೆ ಎಸೆದೆ.

ಈಗ ಕಾರು ನನ್ನದು. ತಮ್ಮನೇ ಕೊಟ್ಟ. ರೊಟ್ಟಿ ಪುಡಿಯಾಗದೆ ಉಮರ್ಗಾ ತಲುಪುತ್ತವೆ. ಆದರೂ ಹೋಳಿಗೆ ಮುಂಚೆ ಎಂಬ ಆ ಮಾತು ಒಮ್ಮೊಮ್ಮೆ ದಾರಿಯಲ್ಲಿ ನೆನಪಾಗಿ ಹೊಟ್ಟೆ ಉರಿಯುತ್ತದೆ, ಅವನು ಕುಂಟುವುದನ್ನು ಕಂಡ ಮೇಲೂ. ಅದನ್ನೂ ಇಲ್ಲಿ ಬರೆಯಬೇಕು.

ಕನ್ನಡ ಅಕ್ಷರ ನನಗೆ ಕಲಿಸಿದವಳು ಭಾಲ್ಕಿ ಕಡೆಯ ನಮ್ಮ ಅವ್ವ. ತಮ್ಮ ಮರಾಠಿ ಶಾಲೆಯವನು, ಮಾತು ಕನ್ನಡವಾದರೂ ಅಕ್ಷರ ಬಾರದು. ಅವನು ಓದಲಾರದ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ ಎಂಬುದು ನನಗೆ ಗೊತ್ತಿದೆ.

ಅವನು ಊರಿಗೆ ಬಂದಾಗ ನಾನೇ ಅವನನ್ನು ನಿಲಂಗಾದವರೆಗೆ ಬಿಡುತ್ತೇನೆ. ಎಲ್ಲಿ ನಿಲ್ಲಿಸಿದರೂ ಅವನು ಮೊದಲು ಇಳಿದು, ಕುಂಟುತ್ತ ಹೋಗಿ, ಕಲ್ಲು ಹುಡುಕಿ ಹಿಂದಿನ ಗಾಲಿಗೆ ಕೊಡುತ್ತಾನೆ. ಮೊನ್ನೆ ಸಮತಟ್ಟು ನೆಲದಲ್ಲೂ ಕೊಟ್ಟ. ಹ್ಯಾಂಡ್‌ಬ್ರೇಕ್ ಎಳೆದಿದ್ದೇನಲ್ಲ ಎಂದೆ.

"ನೀ ಎಳದಿದಿ ಅಂದ್ರ ನಂಗ ಖಾತ್ರಿ ಅದ ಅಕ್ಕಾ" ಎಂದ ಅವನು, ಬಗ್ಗಿಕೊಂಡೇ. "ಇದು ಅಪ್ಪನ ಸಲುವಾಗಿ."

ನಾನು ಸ್ಟೇರಿಂಗ್ ಹಿಡಿದುಕೊಂಡು, ಅವನು ಕಲ್ಲನ್ನು ಸರಿಯಾಗಿ ಕೂಡಿಸುವ ತನಕ ಕಾಲಿನ ಬ್ರೇಕನ್ನೂ ಒತ್ತಿ ಹಿಡಿದೆ.