ಮೇಷ್ಟ್ರ ಶರತ್ಕಾಲ

ಮೊನ್ನೆ ಬೆಳಿಗ್ಗೆ ಇಂದಿರಾನಗರದ ನಮ್ಮ ರಸ್ತೆಯಲ್ಲಿ ನಡೆಯುತ್ತಿದ್ದಾಗ ಆಕಾಶಮಲ್ಲಿಗೆಯ ವಾಸನೆ ಬಂತು. ಮರ ಯಾರದೋ ಕಾಂಪೌಂಡಿನ ಒಳಗಿತ್ತು. ಉದ್ದ ತೊಟ್ಟಿನ ಬಿಳಿ ಹೂಗಳು ಹೊರಗೆ ನಿಂತಿದ್ದ ಕಾರಿನ ಮೇಲೆಲ್ಲ ಉದುರಿದ್ದವು. ಒಂದನ್ನು ಎತ್ತಿ ಮೂಸಿದೆ. ಅಂಗಳದಲ್ಲಿ ಇದೇ ಮರವಿದ್ದ ಹಲಸೂರಿನ ನಮ್ಮ ಹಳೆಯ ವಠಾರ, ಅದರಲ್ಲಿ ನಮ್ಮ ಎದುರು ಬಾಗಿಲಿನಲ್ಲಿದ್ದ ಕನ್ನಡ ಮೇಷ್ಟ್ರು... ಎಲ್ಲ ಒಟ್ಟಿಗೇ ನೆನಪಿಗೆ ಬಂದುಬಿಟ್ಟವು. ಅಲ್ಲೇ ಒಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತುಕೊಂಡೆ.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಮೇಷ್ಟ್ರು. ಹೊರಮಾವಿನ ಒಕ್ಕಲು ಮನೆತನದಲ್ಲಿ ಹುಟ್ಟಿ, ಓದಿ, ದಂಡಿನ, ಅಂದರೆ ಈಗಿನವರು ಕಂಟೋನ್ಮೆಂಟ್ ಎನ್ನುವ ಕಡೆಯ, ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದರು. ಆ ಕಾಲದ ದಂಡಿನಲ್ಲಿ ಬೀದಿಗಿಳಿದರೆ ತಮಿಳು, ಉರ್ದು, ಇಂಗ್ಲಿಷು. ಕನ್ನಡ ಕೇಳಬೇಕಾದರೆ ಮೇಷ್ಟ್ರ ಮನೆಯ ಜಗಲಿಗೇ ಬರಬೇಕಿತ್ತು. ಅವರ ಹೆಂಡತಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರಿಗೆ ಒಬ್ಬನೇ ಮಗ. ಅವನು ನನಗೆ ಅಣ್ಣ.

ಮೇಷ್ಟ್ರಿಗೆ ವರ್ಷದಲ್ಲಿ ದೊಡ್ಡ ಹಬ್ಬವೆಂದರೆ ಯುಗಾದಿಯಲ್ಲ, ದೀಪಾವಳಿಯಲ್ಲ. ಪಿತೃಪಕ್ಷದ ಅಮಾವಾಸ್ಯೆಯಂದು ಮನೆಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಟ್ಟು ಮುಗಿಸುತ್ತಿದ್ದರಲ್ಲ, ಅದರ ಮಾರನೆಯ ಸಂಜೆ ಅವರ ಹಬ್ಬ. ಅಂದಿನಿಂದ ಶರದೃತು. ವಠಾರದ ಎಲ್ಲರನ್ನೂ ಹೊರಡಿಸಿಕೊಂಡು ಹಲಸೂರು ಕೆರೆಯ ಏರಿಗೆ ಹೋಗುತ್ತಿದ್ದರು. ನಮ್ಮ ಸಾಲಿನ ಕೊನೆಯ ಮನೆಯ ಟೈಲರ್ ಸಾಹೇಬರೂ ಕತ್ತರಿ ಕೆಳಗಿಟ್ಟು ಬರುತ್ತಿದ್ದರು. ಎಲ್ಲರೂ ಹುಲ್ಲಿನ ಮೇಲೆ ಕುಳಿತ ಮೇಲೆ ಮೇಷ್ಟ್ರು ಆ ವರ್ಷದ ಹೊಸ ಪದ್ಯವನ್ನು ಹಾಡುತ್ತಿದ್ದರು. ಒಂದರ ಆರಂಭ ಮಾತ್ರ ನನಗೆ ಇನ್ನೂ ಬಾಯಿಗೆ ಬರುತ್ತದೆ:

ಮಳೆ ಸರಿದು ನಿಂತಿತ್ತು, ಕೆರೆ ಕಣ್ಣ ತೆರೆದಿತ್ತು,
ಬಾನು ತನ್ನ ಮೊಗವ ತಾ ನೋಡಿಕೊಳಲೆಂದು...

ಹಾಡಿ ಮುಗಿಸಿ, "ಈಗ ಯಾರೂ ಮಾತಾಡ್ಬೇಡಿ. ಸುಮ್ನೆ ನೋಡ್ತಾ ಕೂತ್ಕೊಳ್ಳಿ," ಎನ್ನುತ್ತಿದ್ದರು. ತೊಳೆದಿಟ್ಟಂಥ ಆಕಾಶ, ನೀರಿನ ಮೇಲೆ ಬಿಳಿ ಮೋಡ, ಆಚೆ ದಡದಲ್ಲಿ ಒಂದೆರಡು ಬೆಳ್ಳಕ್ಕಿ. ನಾವು ಮಕ್ಕಳು ಕೂಡ ಗಲಾಟೆ ಮಾಡುತ್ತಿರಲಿಲ್ಲ. ಅಣ್ಣ ಮಾತ್ರ ನನ್ನ ಕಿವಿಯಲ್ಲಿ, "ನಮ್ಮಪ್ಪನ ಮೋಡಕ್ಕೆ ಪೆಟ್ರೋಲೇ ಬೇಡ ನೋಡು, ವರ್ಷಾ ವರ್ಷಾ ಓಡ್ತದೆ," ಎಂದು ನಗಿಸುತ್ತಿದ್ದ. ಅವನಿಗೆ ಪದ್ಯ ಬೇಡ, ಲಾರಿ ಬೇಕು. ಎಂಜಿನ್ನಿನ ಸದ್ದು ಕೇಳಿದರೆ ಊಟ ಬಿಟ್ಟು ಏಳುತ್ತಿದ್ದ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಅವನು ಮಿಲಿಟರಿ ಲಾರಿ ಓಡಿಸಲು ಸೇರಿಕೊಂಡ. ಮೇಷ್ಟ್ರು ಬೇಡವೆನ್ನಲಿಲ್ಲ. ಮಲಯಾಕ್ಕೆ ಹೋದನೆಂದು ತಿಳಿಯಿತು. ಸಿಂಗಪುರ ಜಪಾನಿನವರ ಕೈಗೆ ಹೋದ ಸುದ್ದಿ ಬಂದಾಗ ವಠಾರದಲ್ಲಿ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯಲಿಲ್ಲ. ಆಮೇಲೆ ತಂತಿ ಬಂತು. ಸತ್ತಿದ್ದಾನೆ ಎಂದು ಅದರಲ್ಲಿರಲಿಲ್ಲ, ಬದುಕಿದ್ದಾನೆ ಎಂದೂ ಇರಲಿಲ್ಲ. ಕಾಣೆಯಾಗಿದ್ದಾನೆ, ಅಷ್ಟೆ.

ಆ ಒಂದು ಮಾತು ಗಂಡ ಹೆಂಡಿರನ್ನು ಎರಡು ಕಡೆಗೆ ಎಳೆದುಬಿಟ್ಟಿತು. ಮೇಷ್ಟ್ರು ಶಾಲೆ ಬಿಟ್ಟೊಡನೆ ದಂಡು ಸ್ಟೇಷನ್ನಿಗೆ ಹೋಗಿ ನಿಲ್ಲತೊಡಗಿದರು. ಗಾಯಾಳು ಸೈನಿಕರನ್ನು ಇಳಿಸುವಾಗ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ತಮಗೆ ಬಾರದ ಭಾಷೆಗಳಲ್ಲಿ ಮಗನ ವಿಷಯ ಕೇಳುತ್ತಿದ್ದರು. ಪೊಲೀಸಿನವರು ಗದರಿ ಕಳಿಸಿದರೂ ಮರುದಿನ ಮತ್ತೆ ಅಲ್ಲೇ. ದೊಡ್ಡಮ್ಮ ಮನೆ ಬಿಟ್ಟು ಕದಲುತ್ತಿರಲಿಲ್ಲ. ಬಡಿಸಿದ ತಟ್ಟೆಯ ಮುಂದೆ ಕುಳಿತು, ಕಲಸಿದ ಅನ್ನವನ್ನು ಹಾಗೇ ನೋಡುತ್ತಿರುತ್ತಿದ್ದರು.

ಮುಂದಿನ ಪಿತೃಪಕ್ಷ ಬಂತು. ಅಮಾವಾಸ್ಯೆಯ ಬೆಳಿಗ್ಗೆ ಅವರ ಮನೆಯಿಂದ ಕಜ್ಜಾಯ ಕರಿಯುವ ವಾಸನೆ ಬರುತ್ತಿತ್ತು. ಅಮ್ಮ ಕೊಟ್ಟ ಬಾಳೆ ಎಲೆ ಹಿಡಿದುಕೊಂಡು ನಾನು ಅವರ ಬಾಗಿಲಿಗೆ ಹೋದೆ. ಹಿರಿಯರ ಎಡೆಗಳ ಪಕ್ಕದಲ್ಲಿ ದೊಡ್ಡಮ್ಮ ಇನ್ನೊಂದು ಎಲೆ ಹಾಸಿ, ಅಣ್ಣನ ನೀಲಿ ಅಂಗಿಯನ್ನು ಮಡಿಸಿ ಇಟ್ಟಿದ್ದರು. ಮೇಷ್ಟ್ರು ಆ ಅಂಗಿಯನ್ನು ಎತ್ತಿಕೊಂಡು ನಿಂತಿದ್ದರು.

"ಬದುಕಿರೋ ಮಗನಿಗೆ ಎಡೆ ಇಡ್ತೀಯೇನೇ?"

"ಏನೂಂದ್ರೆ, ಇರೋದಾದ್ರೆ ಇರ್ಲಿ. ಇಲ್ದೇ ಹೋಗಿದ್ರೆ? ಎಲ್ರ ಮಕ್ಕಳೂ ಉಂಡ್ಕೊಂಡು ಹೋಗೋವಾಗ ನನ್ನ ಮಗ ಒಬ್ನೇ ಹಸ್ಕೊಂಡು ಬಾಗ್ಲಲ್ಲಿ ನಿಂತಿರ್ತಾನಲ್ರಿ..."

"ಇಟ್ರೆ ನಾವೇ ಅವನನ್ನ ಸಾಯಿಸ್ದಂಗೆ."

"ಇಡದೇ ನಂಗೆ ಅನ್ನ ಇಳಿಯಲ್ಲ."

ಮೇಷ್ಟ್ರು ಆ ಎಲೆಯನ್ನು ತೆಗೆದುಬಿಟ್ಟರು. ದೊಡ್ಡಮ್ಮ ಒಲೆಯ ಮುಂದೆ ಹೋಗಿ ಕುಳಿತರು. ನಾನು ತಂದಿದ್ದ ಎಲೆಯನ್ನು ಬಾಗಿಲಲ್ಲೇ ಇಟ್ಟು ಓಡಿಬಂದೆ. ಮಾರನೆಯ ಸಂಜೆ ಟೈಲರ್ ಸಾಹೇಬರು ಜಗಲಿಯ ಹತ್ತಿರ ಬಂದು, "ಮೇಷ್ಟ್ರೇ, ಕೆರೆಗೆ ಹೋಗಲ್ವಾ?" ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು, "ಪದ್ಯ ಬಂದಿಲ್ಲ ಸಾಹೇಬ್ರೇ," ಎಂದರು. ಅದರ ಮುಂದಿನ ವರ್ಷವೂ ಪದ್ಯ ಬರಲಿಲ್ಲ. ಕೆರೆಯ ಪಕ್ಕದ ದಾರಿಯಲ್ಲಿ ಆಗ ಹಗಲೆಲ್ಲ ಮಿಲಿಟರಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಮಳೆ ನಿಲ್ಲುವುದು, ಆಕಾಶ ತಿಳಿಯಾಗುವುದು ಯಾವುದೂ ತಪ್ಪಲಿಲ್ಲ. ಮೇಷ್ಟ್ರು ತಲೆ ಎತ್ತಿ ನೋಡಲಿಲ್ಲ.

ಯುದ್ಧ ಮುಗಿದು, ಸೆರೆಸಿಕ್ಕವರು ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ವಠಾರಕ್ಕೆ ಒಬ್ಬ ಬಂದ. ನಾವಾಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಇಂದಿನ ಶಿವಾಜಿನಗರದ ತಮಿಳಿನವನು. ಷರ್ಟಿನೊಳಗೆ ಮೈಯೇ ಇಲ್ಲವೇನೋ ಅನ್ನುವ ಹಾಗಿದ್ದ. ಜಗಲಿಯ ಮೇಲೆ ಕುಳಿತು, ನೀರು ಕುಡಿದು, ಅಣ್ಣನ ಜೊತೆಗೇ ಸೆರೆಯಲ್ಲಿದ್ದೆ ಎಂದ. ಕಾಡಿನಲ್ಲಿ ರೈಲುಹಾದಿ ಹಾಕುವ ಕೆಲಸ. ಬಿಡದ ಮಳೆ.

"ಜ್ವರ ಬಂತು ಸಾರ್. ನಾನೇ ಪಕ್ಕದಲ್ಲಿದ್ದೆ. ಮಣ್ಣು ಮಾಡ್ದಾಗ್ಲೂ ಇದ್ದೆ."

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತರು. ಬಂದವನು ಹೇಳುವುದೋ ಬೇಡವೋ ಎಂದು ಅನುಮಾನಿಸುತ್ತ, "ಒಂದು ಪಾಟು ಹೇಳ್ತಿದ್ದ ಸಾರ್. ದಿನಾ ಕೇಳಿ ಕೇಳಿ ನಂಗೂ ಬಂತು. ಅರ್ಥ ಪೂರಾ ಗೊತ್ತಿಲ್ಲ," ಎಂದು, ತನ್ನ ತಮಿಳು ನಾಲಿಗೆಯಲ್ಲಿ ತಡವರಿಸುತ್ತ ಹೇಳಿದ:

ಇಲ್ಲಿ ಮಳೆ ನಿಲ್ಲದು, ಶರದ ಬರಲೊಲ್ಲದು,
ನಿನ್ನ ಬಾನಿನದೊಂದು ಬಿಳಿ ಮೋಡ ಕಳಿಸು...

ಮೇಷ್ಟ್ರು ಇನ್ನೊಂದು ಸಲ ಹೇಳಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇದು ನಂದಲ್ಲ ಕಣೇ. ಅವನೇ ಕಟ್ಟಿರೋದು," ಎಂದರು. ಅವರು ಅತ್ತದ್ದನ್ನು ಅಂದು ನೋಡಿದೆ. ದೊಡ್ಡ ಗಂಡಸೊಬ್ಬರು ಹಾಗೆ ಅಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ವರ್ಷ ಎಡೆಯನ್ನು ಮೇಷ್ಟ್ರೇ ಇಟ್ಟರು. ಧೂಪವನ್ನೂ ಅವರೇ ಹಾಕಿದರು. ದೊಡ್ಡಮ್ಮ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡು, ಉಂಡದ್ದಕ್ಕೆ ಅತ್ತರು. ಮಗ ಕೇಳಿದ್ದಕ್ಕೆ ಪದ್ಯದಲ್ಲೇ ಉತ್ತರ ಕೊಡಬೇಕು ಎಂದು ಮೇಷ್ಟ್ರು ಹಟ ಹಿಡಿದಿದ್ದರು. ಒಬ್ಬರೇ ಕೆರೆಯ ಏರಿಗೆ ಹೋಗುತ್ತಿದ್ದರು, ಬಾಯೊಳಗೇ ಏನೋ ಅಂದುಕೊಳ್ಳುತ್ತ ಕತ್ತಲಾಗುವ ಮುಂಚೆ ವಾಪಸು ಬರುತ್ತಿದ್ದರು. ಒಂದು ಸಾಲೂ ಕೂಡಿಬರಲಿಲ್ಲ. ಕೊನೆಗೆ ಶಾಲೆ ಬಿಟ್ಟು ಇಬ್ಬರೂ ಹೊರಮಾವಿಗೆ ಹೊರಟುಹೋದರು.

ನನ್ನ ಮದುವೆ ಗೊತ್ತಾದಾಗ ಕರೆಯಲೆಂದು ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ಆಶ್ವೀಜದ ದಿನಗಳು. ದಾರಿಯ ಎರಡೂ ಕಡೆ ಹಸಿರು ರಾಗಿ ಹೊಲ, ಮೇಲೆ ಗಾಜಿನಂಥ ನೀಲಿ. ಮೇಷ್ಟ್ರು ಕಿಟಕಿ ಮುಚ್ಚಿಕೊಂಡು ನಡುಮನೆಯಲ್ಲಿ ಮಲಗಿದ್ದರು. "ಈ ತಿಂಗಳು ಬಂದ್ರೆ ಆಚೆಗೇ ಬರಲ್ಲ ಕಣಮ್ಮ," ಎಂದರು ದೊಡ್ಡಮ್ಮ. ನನ್ನ ದನಿ ಗುರುತಿಸಿ ಮೇಷ್ಟ್ರು ಎದ್ದು ಕುಳಿತರು. ಮದುವೆಯ ಮಾತು ಮುಗಿದ ಮೇಲೆ ಕೇಳಿದರು:

"ಆಚೆ ಮೋಡ ಇದ್ಯೇನಮ್ಮ?"

"ಇದೆ ಮೇಷ್ಟ್ರೇ. ಬೆಳ್ಳಗಿದೆ."

"ಯಾವ ಕಡೆ ಹೋಗ್ತಿದೆ, ನೋಡು."

ಹೊರಗೆ ಹೋಗಿ ನೋಡಿ ಬಂದೆ. "ಮೂಡಲಿಂದ ಈ ಕಡೆಗೇ ಬರ್ತಿದೆ."

"ಮೂಡಲಿಂದನಾ? ಅವನಿರೋ ಕಡೆಯಿಂದ..." ಎಂದು ಮೇಷ್ಟ್ರು ಗೋಡೆ ಹಿಡಿದುಕೊಂಡು ಎದ್ದರು. ನಾನು ಕೈ ಕೊಟ್ಟೆ. ಹೊಸ್ತಿಲ ತನಕ ಬಂದು, ಕಣ್ಣಿಗೆ ಅಂಗೈ ಅಡ್ಡ ಹಿಡಿದು ಮೇಲೆ ನೋಡಿದರು. "ನನ್ನಿಂದ ಕಳಿಸೋಕಾಗ್ಲಿಲ್ಲ. ಅವನೇ ಕಳಿಸ್ತಿದಾನೆ," ಎಂದರು. ಮತ್ತೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡರು.

ಮದುವೆಗೆ ಅವರು ಬರಲಿಲ್ಲ. ಚಳಿಗಾಲ ಕಳೆಯುವುದರೊಳಗೆ ತೀರಿಕೊಂಡರೆಂದು ಕೇಳಿದೆ. ದೊಡ್ಡಮ್ಮ ಎಷ್ಟು ಕಾಲ ಇದ್ದರೋ ತಿಳಿಯದು. ಕೆಲವು ವರ್ಷಗಳ ಹಿಂದೆ ಮೊಮ್ಮಗಳು ಹೊರಮಾವಿನಲ್ಲಿ ಫ್ಲ್ಯಾಟ್ ಕೊಂಡಾಗ ಗೃಹಪ್ರವೇಶಕ್ಕೆ ಹೋಗಿ, ಆ ಮನೆ ಎಲ್ಲಿತ್ತೆಂದು ಅಲ್ಲಿಯ ಮುದುಕರೊಬ್ಬರನ್ನು ಕೇಳಿದೆ. ಹೊಲ ಹೋದ ಮೇಲೆ ಯಾರ ಮನೆ ಎಲ್ಲಿತ್ತು ಎಂದು ನಮಗೇ ಹೇಳೋಕಾಗಲ್ಲ ಎಂದರು.

ನನಗೆ ಈಗ ಮರೆವು ಹೆಚ್ಚುತ್ತಿದೆ. ಮೇಷ್ಟ್ರ ಪದ್ಯಗಳನ್ನು ಕೇಳಿದವರ ಪೈಕಿ ಬೇರೆ ಯಾರೂ ಉಳಿದಿಲ್ಲ. ಒಂದೊಂದು ಬೆಳಿಗ್ಗೆ ಅಣ್ಣನ ಮುಖವೇ ಕಣ್ಣ ಮುಂದೆ ಬರುವುದಿಲ್ಲ... ಹೀಗೆಯೇ ಒಂದು ದಿನ ಮೇಷ್ಟ್ರ ದನಿಯೂ ಹೋಗುತ್ತದೆ.