ಸಮುದ್ರಕ್ಕೆ ಹೋದ ಮೊರ

ಹೊಂಬಾಳಮ್ಮ ಸಮುದ್ರ ನೋಡಲು ಬರುತ್ತಾಳಂತೆ ಎಂದು ನಮ್ಮ ಯಜಮಾನರು ಹೇಳಿದಾಗ ನಾನು ನಂಬಲಿಲ್ಲ. ಮದ್ದೂರಿನ ಸಂತೆಗೆ ಹೋದರೂ ಕಟ್ಟಿದ ಹಸು ನೆನಪಾಗಿ ಅರ್ಧ ವ್ಯಾಪಾರಕ್ಕೇ ಓಡಿ ಬರುವ ಹೆಂಗಸು ಅವಳು. ಅವಳಿಗೂ ಸಮುದ್ರಕ್ಕೂ ಏನು ಸಂಬಂಧ ಅಂದುಕೊಂಡೆ.

ಎಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆ. ನಮ್ಮ ಯಜಮಾನರು ವೆಂಕಟರಾಮಯ್ಯನವರು ಆಗ ಆತಗೂರಿನ ಶಾಲೆಯಲ್ಲಿ ಹೆಡ್ ಮೇಷ್ಟ್ರು. ಪರೀಕ್ಷೆ ಮುಗಿದ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಊರಿನವರನ್ನು ಒಟ್ಟುಮಾಡಿ, ಕೆ.ಎಂ. ದೊಡ್ಡಿಯ ಕಡೆಯಿಂದ ಒಂದು ಮುದಿ ಬಸ್ಸು ಗೊತ್ತುಮಾಡಿ, ಧರ್ಮಸ್ಥಳ, ಉಡುಪಿ ಮುಗಿಸಿಕೊಂಡು ಮಲ್ಪೆಯ ದಡದಲ್ಲಿ ಎರಡು ದಿನ ಹಾಯಾಗಿ ಇದ್ದು ಬರುವ ಪ್ರವಾಸ ಹೂಡಿದರು. ಇದಕ್ಕಿಂತ ಅಗ್ಗವಾಗಿ ಸಮುದ್ರ ಯಾರಿಗೂ ಸಿಕ್ಕುವುದಿಲ್ಲ ಎಂದು ಊರಿಗೆಲ್ಲ ಸಾರಿದರು. ಅಗ್ಗ ಎಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ. ಆ ಅಗ್ಗದ ಫಲ ಉಣ್ಣುವವಳು ಮಾತ್ರ ಯಾವಾಗಲೂ ನಾನು.

ಹೊಂಬಾಳಮ್ಮನ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆ. ಗಂಡ ಮಾದಯ್ಯ ಸಾಧು ಮನುಷ್ಯ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತರೆ ಬೆಲ್ಲ ಇಳಿಸುವ ತನಕ ಮಾತೇ ಇಲ್ಲ. ಅವನ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು. ನಾಲೆಯ ನೀರಿನ ಸರದಿ ಬಂದ ದಿನ ಇವಳು ಗುದ್ದಲಿ ಹಿಡಿದು ಬದುವಿನ ಮೇಲೆ ಕೂತರೆ ಮೇಲುಗದ್ದೆಯ ಗಂಡಸರೂ ತೂಬಿನ ಹತ್ತಿರ ಸುಳಿಯುತ್ತಿರಲಿಲ್ಲ. "ಬದು ಒಡ್ದವನ ಕೈ ಒಡೀತೀನಿ ಕಣ್ಲಾ" ಎಂದು ಅವಳು ಕೂಗುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಅಷ್ಟು ಬಾಯಿಯ ಹೆಂಗಸು, ಆದರೆ ನಡತೆಯಲ್ಲಿ ಒಂದು ಕೊರತೆ ಹುಡುಕಲು ಆಗುತ್ತಿರಲಿಲ್ಲ. ನಮ್ಮ ಮನೆಯಿಂದ ಮಜ್ಜಿಗೆ ತುಂಬಿಸಿಕೊಂಡು ಹೋದ ಚೊಂಬು ಯಾವತ್ತೂ ಬರಿದಾಗಿ ಹಿಂದಿರುಗಿದ್ದಿಲ್ಲ. ಬೆಲ್ಲದ ಚೂರು, ಹಸಿ ಅವರೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಕರಿಬೇವು. ನಮ್ಮ ಅತ್ತೆ ಆ ಚೊಂಬಿಗೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಅದನ್ನು ನೋಡಿಯೂ ಅವಳು ಕೊಡುವುದನ್ನು ಬಿಡಲಿಲ್ಲ. "ಬರೀ ಪಾತ್ರೆ ಕೊಟ್ರೆ ಕೊಟ್ಟೋರ ಮನೆ ಬರಿದಾಯ್ತದೆ" ಎನ್ನುವಳು.

ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ತೊಡೆಯ ಮೇಲೆ ಒಂದು ದೊಡ್ಡ ಗಂಟು. ಎಲ್ಲರ ಗಂಟುಗಳೂ ಬಸ್ಸಿನ ನೆತ್ತಿ ಏರಿದ್ದವು, ಇವಳದು ಮಾತ್ರ ಇಳಿಯಲೊಲ್ಲದು. ಹಾಸನ ದಾಟಿದರೂ ಅದನ್ನು ತಬ್ಬಿಕೊಂಡೇ ಇದ್ದಳು.

"ಏನ್ರಿ ಹೊಂಬಾಳಮ್ಮ, ಮಗಳ ಮನೆಗೆ ಹೊರಟ ಹಾಗೆ ಗಂಟು ಬಿಗಿದಿದ್ದೀರಲ್ಲ" ಎಂದು ತಮಾಷೆ ಮಾಡಿದೆ.

"ಊಂ ಕಣಮ್ಮಾವ್ರೆ, ಮಗಳ ಮನೆಗೇಯ" ಎಂದಳು.

ಅವಳಿಗಿದ್ದವಳು ಒಬ್ಬಳೇ ಮಗಳು, ಪಟ್ಟಲಮ್ಮ. ನಾವು ಆ ಊರಿಗೆ ವರ್ಗವಾಗಿ ಬರುವ ಮೊದಲೇ ಹೊಳೆ ಪಾಲಾಗಿದ್ದಳು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಉಳಿದದ್ದನ್ನು ಘಟ್ಟ ಇಳಿಯುವ ತನಕ ಅವಳೇ ಹೇಳಿದಳು. ಅತ್ತುಕೊಂಡು ಹೇಳಲಿಲ್ಲ, ಗದ್ದೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

ಪಟ್ಟಲಮ್ಮನನ್ನು ಬೆಳಕವಾಡಿಗೆ ಕೊಟ್ಟಿದ್ದರು. ಮದುವೆಯಾದ ವರ್ಷ ಆಷಾಢಕ್ಕೆ ಹುಡುಗಿ ತವರಿಗೆ ಬಂದಳು. ಆಷಾಢ ಕಳೆದು ಕಳಿಸುವಾಗ, ಗೌರಿ ಹಬ್ಬ ಹತ್ತಿರವೇ ಇದೆ, ಹಬ್ಬ ಮಾಡಿಕೊಂಡು ಹೋಗುತ್ತೇನೆ ಅವ್ವಾ ಎಂದು ಗೋಗರೆದಳಂತೆ. ಹೊಂಬಾಳಮ್ಮ ಬಿಡಲಿಲ್ಲ. ಬೀಗರು ಏನಂದುಕೊಂಡಾರು ಎನ್ನುವ ಹೆದರಿಕೆ.

"ಓಗ್ ಮಗ, ಗೌರಿ ಅಬ್ಬಕ್ಕೆ ನಾನೇ ಬಾಗ್ನ ಒತ್ಕೊಂಡು ನಿನ್ ಮನೆ ಬಾಗ್ಲಿಗೆ ಬತ್ತೀನಿ ಅಂದೆ. ಮೊಕ ದಪ್ಪ ಮಾಡ್ಕಂಡೇ ಬಸ್ ಅತ್ತುದ್ಲು."

ಶ್ರಾವಣದಲ್ಲಿ ಹೊಳೆ ಏರಿತ್ತು. ಬಟ್ಟೆ ಒಗೆಯಲು ಹೋದವಳು ಹಿಂದಿರುಗಲಿಲ್ಲ. ಶಿವನಸಮುದ್ರದ ಕೆಳಗಿನವರೆಗೂ ಹುಡುಕಿದರು. ಕೊನೆಗೆ ಅಂಬಿಗರು, ಇಷ್ಟು ಹೊತ್ತಿಗೆ ಸಮುದ್ರ ಸೇರಿರುತ್ತಾಳೆ ಎಂದು ಕೈಚೆಲ್ಲಿದರಂತೆ.

"ಅಬ್ಬಕ್ಕೆ ಬಾಗ್ನ ತತ್ತೀನಿ ಅಂದಿದ್ನಲ್ಲಮ್ಮಾ. ಅವಳು ಓಗಿರೋ ಮನೆ ಇದೊಂದೇ. ಬಾಗ್ಲ ತಾವ್ಕೆ ಓಗಿ ಕೊಟ್ ಬತ್ತೀನಿ."

ಗಂಟಿನಲ್ಲಿ ಎರಡು ಮೊರ ಇದ್ದವು. ಒಂದರ ಮೇಲೊಂದು ಕವುಚಿ ಅರಿಸಿನದ ದಾರ ಸುತ್ತಿತ್ತು. ಒಳಗೆ ಅಕ್ಕಿ, ಬೇಳೆ, ಮಾದಯ್ಯ ಇಳಿಸಿದ ಬೆಲ್ಲ, ಬಿಚ್ಚೋಲೆ, ಕನ್ನಡಿ, ಆ ವರ್ಷವೇ ಮಗಳ ಕೈಯಳತೆಗೆ ತಂದಿಟ್ಟಿದ್ದ ಹಸಿರು ಬಳೆ, ಪೆಟ್ಟಿಗೆಯಲ್ಲಿದ್ದು ಮಡಿಕೆಗಳಲ್ಲಿ ಬಣ್ಣಗೆಟ್ಟ ಒಂದು ರವಿಕೆ ಕಣ. ಈ ವಿಷಯ ಮಾದಯ್ಯನಿಗೆ ಗೊತ್ತೇ ಎಂದು ಕೇಳಿದೆ. ಕೇಳಿದ ಕೂಡಲೇ ಬೆಲ್ಲದ ಅಚ್ಚು ತಂದು ಎದುರಿಗಿಟ್ಟು ಹೋದನಂತೆ. ಅಷ್ಟೇ ಅವನ ಮಾತು.

ಮಲ್ಪೆ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಸಮುದ್ರಕ್ಕಿಂತ ಮೊದಲು ಬಂದದ್ದು ಅದರ ವಾಸನೆ. ದಾರಿಯ ಎರಡೂ ಬದಿ ಮೀನು ಒಣಹಾಕಿದ್ದರು. ನಾನು ಮೂಗಿಗೆ ಹಿಡಿದ ಸೆರಗನ್ನು ಆಮೇಲೆ ಇಳಿಸಿದ್ದು ನೆನಪಿಲ್ಲ. ನಮ್ಮ ಯಜಮಾನರು ಹೊಂದಿಸಿದ್ದ ಬಿಡಾರ ಒಂದು ಹೆಂಚಿನ ಉದ್ದ ಕೊಟ್ಟಿಗೆ. ಚಾಪೆ ಕೊಡವಿದರೆ ಸೇರುಗಟ್ಟಲೆ ಮರಳು ಬಿತ್ತು. ಬಾವಿಯ ನೀರು ಸಪ್ಪೆಯೂ ಅಲ್ಲ ಉಪ್ಪೂ ಅಲ್ಲ. ಸ್ನಾನ ಮಾಡಿ ಬರುವುದರೊಳಗೆ ಮತ್ತೆ ಬೆವರು. ಊಟಕ್ಕೆ ದಪ್ಪ ಕುಚ್ಚಲಕ್ಕಿ ಅನ್ನ, ಸಾರಿಗೆ ತೆಂಗಿನೆಣ್ಣೆಯ ಒಗ್ಗರಣೆ. ಮುದ್ದೆ ನುಂಗಿ ಬೆಳೆದವರು ಎಲೆಯ ಮುಂದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಂಥ ಸೊಗಸಾದ ಹವ!" ಎಂದು ಯಜಮಾನರು ಒಬ್ಬರೇ ಹಿಗ್ಗುತ್ತಿದ್ದರು. ಹವ ಉಚಿತವಾಗಿ ಬರುತ್ತಿತ್ತಲ್ಲ!

ಆದರೂ ಸುಳ್ಳು ಹೇಳಬಾರದು. ತೆಂಗಿನ ತೋಟ ದಾಟಿ ದಡಕ್ಕೆ ಬಂದಾಗ ನನ್ನ ಗೊಣಗಾಟವೆಲ್ಲ ನಿಂತುಹೋಯಿತು. ಅಷ್ಟು ನೀರು, ಅಷ್ಟು ಬಯಲು. ನಮ್ಮ ಊರಿನ ಯಜಮಾನಿಕೆಯ ಗಂಡಸರು ಪಂಚೆ ಎತ್ತಿ ಕಟ್ಟಿ ಅಲೆಯಿಂದ ಓಡಿ ಓಡಿ ನಗುತ್ತಿದ್ದರು. ಹೊಂಬಾಳಮ್ಮ ಗಂಟನ್ನು ನನ್ನ ಕೈಗೆ ಕೊಟ್ಟು, ನೀರಿಗೆ ಕೈಮುಗಿದು, ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಉಗಿದಳು.

"ಥೂ! ಇಷ್ಟು ನೀರು ಮಡಿಕಂಡು ಒಂದು ಗುಟುಕು ಕುಡಿಯಾಕಿಲ್ವಲ್ಲ. ಗದ್ದೆಗೂ ಬುಡಂಗಿಲ್ಲ." ಎಡಕ್ಕೂ ಬಲಕ್ಕೂ ನೋಡಿದಳು. "ಇದ್ಕೆ ಏರಿ ಎಲ್ಲದೆ? ಏರಿ ಇಲ್ದೆ ಎಂಗೆ ನಿಂತದೆ ಅಂತೀನಿ."

ಬಾಗಿನವನ್ನು ಬೆಳಿಗ್ಗೆ ಮಿಂದು ಮಡಿಯಲ್ಲಿ ಕೊಡುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು. ಮರಳಿನ ಮೇಲೆ ಕೂತು ಎಲ್ಲರೂ ಸೂರ್ಯಾಸ್ತ ನೋಡುತ್ತಿದ್ದೆವು. ಕೆಂಪಗೆ ಊದಿಕೊಂಡು ಸೂರ್ಯ ನೀರಿಗೆ ತಾಗಿದ. ಪಕ್ಕದಲ್ಲಿದ್ದ ಹೊಂಬಾಳಮ್ಮ ಇದ್ದಕ್ಕಿದ್ದಂತೆ ಎದ್ದು ನಿಂತಳು.

"ಮೇಷ್ಟ್ರೆ, ಒತ್ತು ಈ ನೀರೊಳಿಕ್ಕೆ ಮುಳುಗ್ತಾ ಅದಲ್ಲ?"

"ಹೌದಮ್ಮ, ಇದು ಪಶ್ಚಿಮ ಸಮುದ್ರ ಅಲ್ಲವೆ."

"ನಮ್ ಒಳೆ ಒತ್ತು ಉಟ್ಟೋ ಕಡೀಕಲ್ವ ಅರಿಯೋದು?"

ಯಾರಾದರೂ ಪ್ರಶ್ನೆ ಕೇಳಿದರೆ ನಮ್ಮ ಯಜಮಾನರಿಗೆ ಹಬ್ಬ. ಗಂಟಿನ ವಿಷಯ ಪಾಪ ಅವರಿಗೆ ಗೊತ್ತಿರಲಿಲ್ಲ. "ಸರಿಯಾಗಿ ಹೇಳಿದೆ! ಕಾವೇರಿ ಪೂರ್ವಕ್ಕೆ ಹರಿದು ತಮಿಳುನಾಡಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತೆ. ಆ ಸಮುದ್ರವೇ ಬೇರೆ, ಇದೇ ಬೇರೆ. ಇಲ್ಲಿಗೆ ಕಾವೇರಿಯ ಒಂದು ತೊಟ್ಟೂ ಬರೋದಿಲ್ಲ."

ಹೊಂಬಾಳಮ್ಮ ಕೂತುಕೊಂಡಳು. ಗಂಟನ್ನು ಮಡಿಲಿಗೆ ಎಳೆದುಕೊಂಡಳು.

"ತಪ್ಪಿದ್ ಮನೆ ಬಾಗ್ಲಿಗೆ ಬಂದ್ನಲ್ಲಮ್ಮಾ" ಎಂದಳು, ನನಗೆ ಮಾತ್ರ ಕೇಳುವಷ್ಟು.

ಬಿಡಾರಕ್ಕೆ ಬಂದು ಗೋಡೆಯ ಮರೆಯಲ್ಲಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಬಾಯಿಗೆ ಬಂದಂತೆ ಬೈದೆ. "ನಾನು ಹೇಳಿದ್ದು ನಿಜ ತಾನೇ ಕನಕಾ?" ಎಂದರು ಮೆಲ್ಲಗೆ. ನಿಜವೇ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಹೊಂಬಾಳಮ್ಮ ಆ ಸಂಜೆ ಎಲೆಯ ಮುಂದೆ ಕೂರಲಿಲ್ಲ. ನಾನು ಊರಿಂದ ತಂದಿದ್ದ ಗೊಜ್ಜವಲಕ್ಕಿ ಕೊಟ್ಟೆ, ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಬೆಳಿಗ್ಗೆ ನಾನು ದಡಕ್ಕೆ ಹೋಗುವಷ್ಟರಲ್ಲಿ ಅವಳು ಮಿಂದು ಒದ್ದೆ ಕೂದಲು ಗಂಟುಕಟ್ಟಿ ಯಜಮಾನರ ಎದುರು ನಿಂತಿದ್ದಳು.

"ಮೇಷ್ಟ್ರೆ, ಈ ಎಲ್ಡು ಸಮುದ್ರನೂ ಎಲ್ಲಾರಾ ಒಂದ್ಕೊಂದು ತಾಗ್ತವಾ? ಬರ್ದು ತೋರ್ಸಿ."

ಅವರು ಕೋಲಿನಿಂದ ಹಸಿ ಮರಳಿನ ಮೇಲೆ ದೇಶದ ನಕ್ಷೆ ಎಳೆದರು. ಮಲ್ಪೆಗೆ ಒಂದು ಕಪ್ಪೆಚಿಪ್ಪು ಇಟ್ಟರು, ಕಾವೇರಿ ಸೇರುವ ಕಡೆ ಇನ್ನೊಂದು. ಅವಳು ಕುಕ್ಕರಗಾಲಿನಲ್ಲಿ ಕೂತು, ಮಲ್ಪೆಯ ಚಿಪ್ಪಿನಿಂದ ದಡದ ಗುಂಟ ಬೆರಳೆಳೆಯುತ್ತ ಕೆಳಗಿನ ಚೂಪು ತುದಿಗೆ ಬಂದು ನಿಲ್ಲಿಸಿದಳು.

"ಇದು ಯಾವೂರು?"

"ಕನ್ಯಾಕುಮಾರಿ."

"ಇಲ್ಲಿ ಬದು ಆಕವ್ರಾ?"

"ಇಲ್ಲ."

"ತೂಬು ಮಡಗವ್ರಾ?"

"ಇಲ್ಲಮ್ಮ. ಯಾರೂ ಏನೂ ಕಟ್ಟಿಲ್ಲ. ಎರಡೂ ನೀರು ಅಲ್ಲಿ ಕೂಡುತ್ತೆ."

ಅವಳು ಬೆರಳನ್ನು ಆ ತುದಿ ಸುತ್ತಿಸಿ ಇನ್ನೊಂದು ಚಿಪ್ಪಿನ ತನಕ ಎಳೆದಳು. ಎದ್ದು ಕೈ ಒರೆಸಿಕೊಂಡಳು.

"ಬದು ಇಲ್ಲ ಅಂದ್ಮೇಲೆ ನೀರು ಬತ್ತದೆ" ಎಂದಳು. ನಾಲೆಯ ನೀರಿಗಾಗಿ ಜೀವಮಾನವೆಲ್ಲ ಬದು ಕಾದವಳ ಮಾತು ಅದು. ನಮ್ಮ ಯಜಮಾನರು ಕೋಲು ಹಿಡಿದುಕೊಂಡು ಆಚೆ ತಿರುಗಿ ನಿಂತರು.

ಮೊರಕ್ಕೆ ಅರಿಸಿನ ಕುಂಕುಮ ಇಟ್ಟು, ಸೆರಗು ಮುಚ್ಚಿ ಹಿಡಿದು, ಎದುರಿಗೆ ಮಗಳು ನಿಂತಿದ್ದಾಳೋ ಎಂಬ ಹಾಗೆ ಬಾಗಿ ಅವಳು ಬಾಗಿನವನ್ನು ನೀರಿಗೆ ಬಿಟ್ಟಳು. "ತಕ ಮಗ. ತಡ ಆಯ್ತು" ಎಂದಳು. ಮೊರ ತೇಲುತ್ತ ಹೋಯಿತು. ನಾವು ಉಸಿರು ಬಿಡುವುದರೊಳಗೆ ಒಂದು ಅಲೆ ಅದನ್ನು ಎತ್ತಿ ತಂದು ಅವಳ ಕಾಲ ಬುಡಕ್ಕೇ ಎಸೆಯಿತು.

ನಮ್ಮ ಕಡೆಯ ನೀರಿಗೆ ಕೊಟ್ಟದ್ದು ಹೋಗುತ್ತದೆ. ಹೊಳೆಯಾಗಲಿ, ನಾಲೆಯಾಗಲಿ, ತೆಗೆದುಕೊಂಡು ಹೋಗುವುದೊಂದೇ ಅದಕ್ಕೆ ಗೊತ್ತು. ಕೊಟ್ಟದ್ದನ್ನು ತಿರುಗಿಸಿ ತರುವ ನೀರನ್ನು ನಾವು ಯಾರೂ ಕಂಡವರಲ್ಲ. ದಡದಲ್ಲಿ ನಿಂತ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಹೊಂಬಾಳಮ್ಮ ಮೊರವನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಬ್ಯಾಡ ಅಂತವಳೆ. ಇನ್ನೂ ಕ್ವಾಪ ಅದೆ ಅವಳ್ಗೆ."

"ಅಲ್ಲಮ್ಮ, ಅಲೆ ಅದು, ಎಲ್ಲವನ್ನೂ ತರುತ್ತೆ" ಎಂದು ಯಜಮಾನರು ಹೇಳಹೊರಟರು. ನಾನು ಕಣ್ಣಲ್ಲೇ ತಡೆದೆ. ಒಮ್ಮೆ ನಿಜ ಹೇಳಿದ್ದು ಸಾಕಾಗಿತ್ತು.

ಆಮೇಲೆ ನಾನೇ ಅವಳ ಕೈ ಹಿಡಿದೆ. ಆ ಊರಿಗೆ ಬಂದಾಗಿನಿಂದ ನಾನಾಗಿ ಅವಳನ್ನು ಮುಟ್ಟಿದ್ದು ಅದೇ ಮೊದಲು. "ಬಾಗಿಲಲ್ಲೇ ನಿಂತರೆ ಹೇಗೆ, ಇನ್ನೂ ಒಳಗೆ ಹೋಗಿ ಕೊಡೋಣ ಬನ್ನಿ" ಎಂದೆ. ನನಗೆ ನೀರೆಂದರೆ ಜೀವಭಯ. ಸೊಂಟದುದ್ದಕ್ಕೆ ಹೋದೆವು. ಅವಳು ಮತ್ತೆ ಬಾಗಿ ಮೊರ ಬಿಟ್ಟಳು. ದೊಡ್ಡ ಅಲೆಯೊಂದು ಬಂದು ಇಬ್ಬರನ್ನೂ ಕೆಡವಿ ಉರುಳಿಸಿತು. ಮೂಗು ಬಾಯಿಗೆಲ್ಲ ಉಪ್ಪುನೀರು ತುಂಬಿತು. ತಡಕಾಡಿ ಎದ್ದು ದಡಕ್ಕೆ ಬಂದು ನೋಡಿದರೆ ಮೊರ ಕಾಣಲಿಲ್ಲ.

ಅವಳು ಮರಳಿನ ಮೇಲೆ ಕಾದು ಕೂತಳು. ಕರೆದರೆ ಏಳಲೊಲ್ಲಳು. ಬಿಸಿಲು ಏರಿತು. ಆಗ ಸ್ವಲ್ಪ ದೂರದಲ್ಲಿ, ನೊರೆಯ ನಡುವೆ, ಒಂದು ಮೊರ ದಡಕ್ಕೆ ಬಂದು ನಿಂತಿತು. ಒಂದೇ. ಮೇಲಿನದು ಇರಲಿಲ್ಲ.

ಅಯ್ಯೋ ದೇವರೇ ಅಂದುಕೊಂಡೆ. ಅವಳು ಓಡಿಹೋಗಿ ಅದರ ಮುಂದೆ ಮಂಡಿಯೂರಿದಳು. ನಾನು ಹಿಂದೆಯೇ ಹೋದೆ. ಬಳೆ ಇರಲಿಲ್ಲ, ಬೆಲ್ಲ ಇರಲಿಲ್ಲ, ರವಿಕೆ ಕಣ ಇರಲಿಲ್ಲ. ಮೊರದ ತಳದಲ್ಲಿ ಒಂದು ಹಿಡಿ ನುಣ್ಣನೆಯ ಮರಳು, ಅದರೊಳಗೆ ಎರಡೋ ಮೂರೋ ಬಿಳಿ ಚಿಪ್ಪು.

ಮರಳಲ್ಲಿ ಬೆರಳಾಡಿಸಿ ಚಿಪ್ಪುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವಳ ಭುಜ ಅಲುಗಲು ಶುರುವಾಯಿತು. ಬಸ್ಸಿನಲ್ಲಿ ಅಳದವಳು, ಹಿಂದಿನ ಸಂಜೆ ಅಳದವಳು, ಈಗ ಗೊಳೋ ಎಂದು ಅತ್ತಳು.

"ಬರೀ ಮೊರ ಕಳಿಸ್ನಿಲ್ಲ ಕಣಮ್ಮಾ ನನ್ ಮಗ. ನಾನು ಕಲ್ಸಿದ್ದ ಮರ್ತಿಲ್ಲ."

ನಾನೂ ಕೂತು ಅವಳ ಜೊತೆ ಅತ್ತೆ.

ಊರಿಗೆ ಬರುವಾಗ ಆ ಮೊರ ಅವಳ ತೊಡೆಯ ಮೇಲಿತ್ತು, ಮರಳು ಸೆರಗಿನ ತುದಿಯಲ್ಲಿ. ಮಾದಯ್ಯ ಬಸ್ಸಿನ ಹತ್ತಿರ ಬಂದಿದ್ದ. ಅವಳು ಸೆರಗು ಬಿಚ್ಚಿ ಚಿಪ್ಪೊಂದನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೊರ ತಾನೇ ಹಿಡಿದುಕೊಂಡು ಮುಂದೆ ನಡೆದ.

ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಸುತ್ತುವರಿದರು. ಸಮುದ್ರ ಹೇಗಿತ್ತು ಎಂದು ಎಲ್ಲರಿಗೂ ತಿಳಿಯಬೇಕಿತ್ತು. ನಾನು ಕೊಡಪಾನ ಹಿಡಿದು ನಿಂತಿದ್ದೆ.

"ಏನೈತೆ ಬುಡು" ಎಂದಳು ಹೊಂಬಾಳಮ್ಮ ಹಗ್ಗ ಜಗ್ಗುತ್ತಾ. "ಮೀನು ವಾಸ್ನೆ. ಅನ್ನ ಗೋಲಿ ಗಾತ್ರ, ಗಂಟ್ಲಲ್ಲಿ ಇಳಿಯಾಕಿಲ್ಲ. ನೀರು ಬಾಯ್ಗಿಕ್ಕಂಗಿಲ್ಲ. ಮಲಗಿದ್ರೆ ಮೈಯೆಲ್ಲ ಮರಳು." ಕೊಡ ತುಂಬಿ ಸೊಂಟಕ್ಕೆ ಏರಿಸಿಕೊಂಡಳು.

"ಆದ್ರೆ ನಮ್ ಮಗೀನ ಚೆನ್ನಾಗಿ ಮಡಿಕಂಡದೆ."