ನಮ್ಮ ಗುಡ್ಡಕ್ಕೆ ಬಸ್ಸು ಬಂದ ವಾರ

ಬಸ್ಸಿನ ಬೋರ್ಡಿನ ಮೇಲೆ ನಮ್ಮ ಊರಿನ ಹೆಸರಿನ ಬಣ್ಣ ಇನ್ನೂ ಒಣಗಿರಲಿಲ್ಲ. ಮಲಯಾಳದಲ್ಲಿ ದೊಡ್ಡದಾಗಿ ಬರೆದು ಕೆಳಗೆ ಕನ್ನಡದಲ್ಲಿ ಸಣ್ಣದಾಗಿ ಬರೆದಿದ್ದರು. ಕನ್ನಡದ ಕೊನೆಯ ಅಕ್ಷರದಿಂದ ಕೆಂಪು ಬಣ್ಣದ ಒಂದು ಹನಿ ಜಾರಿ ಬೋರ್ಡಿನ ಅಂಚಿಗೆ ಬಂದು ನಿಂತಿತ್ತು. ಯಾರೂ ನೋಡದಾಗ ಬೆರಳಿನಿಂದ ಮುಟ್ಟಿದೆ. ಅಂಟಿತು.

ಅದು ನಮ್ಮ ಊರಿಗೆ ಬಂದ ಮೊದಲ ಬಸ್ಸು. ಬದಿಯಡ್ಕ ಪೇಟೆಯವರೆಗೆ ಹೋಗುತ್ತಿತ್ತು, ಅಲ್ಲಿಂದ ಕಾಸರಗೋಡಿಗೆ ಬೇರೆ ಬಸ್ಸುಗಳಿದ್ದವು. ಆ ವರ್ಷ ನನ್ನ ಪ್ಲಸ್ ಟು ಮುಗಿದಿತ್ತು. ಕಾಸರಗೋಡಿನ ಕಾಲೇಜಿನಲ್ಲಿ ಡಿಗ್ರಿಗೆ ಸೀಟು ಸಿಕ್ಕಿತ್ತು, ಆ ವಾರದೊಳಗೆ ಹೋಗಿ ಸೇರಬೇಕಿತ್ತು. ಅಪ್ಪನದು ಒಂದೇ ಮಾತು: ಹಾಸ್ಟೆಲ್ ಬೇಡ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಹಾಗಿದ್ದರೆ ಹೋಗು. ಬಸ್ಸಿನ ಧಣಿಗಳದೂ ಒಂದೇ ಮಾತು: ಒಂದು ವಾರ ಓಡಿಸಿ ನೋಡುತ್ತೇನೆ, ಜನ ಹತ್ತದಿದ್ದರೆ ನಿಲ್ಲಿಸುತ್ತೇನೆ. ನಾನು ಕಾಲೇಜು ಸೇರುವುದು ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿತ್ತು.

ಬದಿಯಡ್ಕದಿಂದ ಒಳಗೆ ಬಂದು, ಡಾಮರು ಮುಗಿದ ಮೇಲೂ ಬಹಳ ದೂರ ಹೋದರೆ ನಮ್ಮ ಊರು. ಅಲ್ಲಿ ಬೀದಿ ಇಲ್ಲ, ಪೇಟೆ ಇಲ್ಲ. ಕೆಂಪು ಮುರಕಲ್ಲಿನ ಒಂದು ಬೋಳು ಗುಡ್ಡ, ಅದರ ನಾಲ್ಕು ಇಳಿಜಾರುಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಒಂದು ಮನೆಯ ಒಲೆಯ ಹೊಗೆ ಇನ್ನೊಂದು ಮನೆಗೆ ಕಾಣುತ್ತದೆ, ಆದರೆ ಹೋಗಬೇಕಾದರೆ ಕಣಿವೆ ಇಳಿದು ಹತ್ತಬೇಕು. ಬಾವಿ ತೋಡಿದರೆ ಕಲ್ಲೇ ಸಿಗುವ ನೆಲ. ಹಾಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರೆ. ಸಣ್ಣ ಎಳೆಯಾಗಿ, ಬೇಸಿಗೆಯಲ್ಲೂ ತಣ್ಣಗೆ ಬರುವ ನೀರು. ಬೇಕಾದಷ್ಟು ಗೇರುಮರ, ಬೇಕಾದಷ್ಟು ಮುಳಿಹುಲ್ಲು. ಒಂದು ಇಳಿಜಾರಿನಲ್ಲಿ ತುಳು, ಇನ್ನೊಂದರಲ್ಲಿ ಮರಾಠಿ, ನಮ್ಮ ಕಡೆ ಹವ್ಯಕ ಕನ್ನಡ, ಕೆಳಗಿನ ತಿರುವಿನ ಹತ್ತಿರ ಬ್ಯಾರಿ. ರೇಶನ್ ಅಂಗಡಿಗೂ ವಿಲ್ಲೇಜ್ ಆಫೀಸಿಗೂ ಬೇಕಾಗುವಷ್ಟು ಮಲಯಾಳ ಎಲ್ಲರಿಗೂ ಬರುತ್ತಿತ್ತು.

ಬಸ್ಸು ಬರುವ ಮೊದಲು ನಮಗಿದ್ದದ್ದು ಒಂದು ಜೀಪು. ಅದರ ಚಾಲಕನನ್ನು ನಾವೆಲ್ಲ ಇಚ್ಚ ಎನ್ನುತ್ತಿದ್ದೆವು. ಗುಡ್ಡದ ನೆತ್ತಿಯ ಗೋಳಿಮರದ ಕೆಳಗೆ ಜೀಪು ನಿಲ್ಲುವುದು, ತುಂಬಿದ ಮೇಲೆ ಹೊರಡುವುದು. ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಇಚ್ಚನಿಗೇ ಗೊತ್ತಿರಲಿಲ್ಲ; ಅದನ್ನು ನಂಬಿ ಕಾಲೇಜಿಗೆ ಹೋಗುವಂತಿರಲಿಲ್ಲ. ಬರುವವರು ತಮ್ಮ ಅಂಗಳದಿಂದ ಒಂದು ಕೂ ಹಾಕುತ್ತಿದ್ದರು. ಇಚ್ಚ ಮರದ ಬುಡದಿಂದ ಮರುಕೂ ಹಾಕಿದರೆ ‘ಕಾಯುತ್ತೇನೆ, ಬನ್ನಿ’ ಎಂದರ್ಥ.

ಮೊದಲ ದಿನ ಬಸ್ಸಿಗೆ ಹೂಮಾಲೆ ಹಾಕಿದರು, ಕಾಯಿ ಒಡೆದರು. ನಾಲ್ಕೂ ಇಳಿಜಾರಿನವರು ಬಂದು ಸೀಟು ಒತ್ತಿ ನೋಡಿ ಇಳಿದರು.

“ನೋಡಲಿಕ್ಕೆ ಬಂದವರೆಲ್ಲ ಹತ್ತಿದ್ರೆ ಇನ್ನೊಂದು ಬಸ್ ಬೇಕಿತ್ತು,” ಎಂದ ಕಂಡಕ್ಟರ್. ಹತ್ತಿದವರು ಬೆರಳೆಣಿಕೆಯಷ್ಟು ಜನ.

ಮರುದಿನ ಅದೂ ಇಲ್ಲ. ಬಸ್ಸು ತನ್ನ ಸಮಯಕ್ಕೆ ಬಂತು, ತಿರುಗಿತು, ಖಾಲಿ ಹೋಯಿತು. ಮೂರನೆಯ ದಿನವೂ ಹಾಗೆಯೇ. ಆಮೇಲೆ ಜೀಪು ಬಂದರೆ ಜನ ಎಲ್ಲಿಂದಲೋ ಬಂದು ಅದನ್ನು ತುಂಬುತ್ತಿದ್ದರು.

“ನನ್ನ ಜೀಪಿಗೆ ಕಿವಿ ಉಂಟು ಮಾರಾಯ್ರೇ, ಅವರ ಬಸ್ಸಿಗೆ ಇಲ್ಲ,” ಎಂದು ಇಚ್ಚ ನಗುತ್ತಿದ್ದ. ಅವನ ತಮಾಷೆ ಎಂದುಕೊಂಡೆ. ನಮ್ಮ ಮನೆ ಗೋಳಿಮರದ ಪಕ್ಕದಲ್ಲೇ ಇತ್ತು. ನಾನು ಯಾವತ್ತೂ ಕೂ ಹಾಕಿ ಹೊರಟವಳಲ್ಲ.

ಮೂರನೆಯ ಸಂಜೆ ತಡೆಯಲಾರದೆ ಕಣಿವೆ ಇಳಿದು ಮೂಡುಬದಿಯ ಇಳಿಜಾರಿನ ದೊಡ್ಡಮ್ಮನ ಮನೆಗೆ ಹೋದೆ. ಅವರು ಪ್ರತಿ ವಾರ ಬದಿಯಡ್ಕಕ್ಕೆ ಹೋಗುವವರು.

“ಬಸ್ಸಿಗೆ ಯಾಕೆ ಬರಲಿಲ್ಲ ದೊಡ್ಡಮ್ಮ?”

“ಬರುವುದು ಹೇಗೆ? ಗಂಟಲು ಹರಿಯುವ ಹಾಗೆ ಕೂ ಹಾಕಿದೆ. ಒಬ್ಬರಾದರೂ ಮರುಕೂ ಹಾಕಬೇಕಾ ಬೇಡವಾ? ಬಸ್ ಹೋಗಿ ಆಯಿತು ಅಂತ ಸೀರೆ ಬದಲಿಸಿ ಒಳಗೆ ಕೂತೆ.”

ಕಣಿವೆ ಹತ್ತಿ ಮನೆಗೆ ಬರುವಾಗ ನಾನು ನಡೆಯುತ್ತಿದ್ದೆನೋ ಓಡುತ್ತಿದ್ದೆನೋ ನೆನಪಿಲ್ಲ. ಜನರಿಗೆ ಬಸ್ಸು ಬೇಡವಾಗಿರಲಿಲ್ಲ! ಪ್ರತಿ ಅಂಗಳದಲ್ಲೂ ಒಬ್ಬರು ಉಟ್ಟು ತೊಟ್ಟು ನಿಂತಿದ್ದರು, ಉತ್ತರಕ್ಕಾಗಿ.

ನಾಲ್ಕನೆಯ ದಿನ ಧಣಿಗಳೇ ಬಸ್ಸಿನಲ್ಲಿ ಬಂದರು. ಮುಂದಿನ ಸೀಟಿನಲ್ಲಿ ಕೂತು ಖಾಲಿ ರಸ್ತೆಯನ್ನು ನೋಡಿ ತಲೆಯಾಡಿಸಿದರು. ಅಪ್ಪ ಮರದ ಕೆಳಗೆ ಕೈಕಟ್ಟಿ ನಿಂತಿದ್ದರು. ಅಪರಿಚಿತರ ಹತ್ತಿರ ನಾನಾಗಿ ಮಾತಾಡಿದ್ದು ಅದುವರೆಗೆ ಇಲ್ಲ. ಚಾಲಕನ ಬಾಗಿಲಿನ ಬಳಿ ಹೋಗಿ ಹೇಳಿದೆ: “ಡ್ರೈವರಣ್ಣ, ಒಂದು ಹಾರ್ನ್ ಹಾಕಿ.”

“ಯಾಕೆ, ದಾರಿಯಲ್ಲಿ ಯಾರು ಉಂಟು?”

“ಯಾರೂ ಇಲ್ಲ. ಅದಕ್ಕೇ ಹೇಳಿದ್ದು.”

“ಎಂತ ಮೋಳೇ, ಮಕ್ಕಳಾಟವಾ?” ಎಂದರು ಧಣಿಗಳು. ಅಷ್ಟರಲ್ಲಿ ಮೂಡುಬದಿಯಿಂದ ಒಂದು ಕೂ ಬಂತು.

“ಅದು ಬಸ್ಸಿಗೆ ಹಾಕಿದ ಕೂ,” ಎಂದೆ. “ನಾವು ಓಗೊಡದಿದ್ದರೆ ಅವರು ಮನೆಯಿಂದ ಹೊರಡುವುದಿಲ್ಲ.”

“ಹೌದಾ! ಹಂದಿ ಓಡಿಸುವುದು ಅಂತ ಗ್ರಹಿಸಿದ್ದೆ ನಾನು!” ಎಂದ ಚಾಲಕ. ಎರಡೂ ಕೈಯಿಂದ ಹಾರ್ನ್ ಒತ್ತಿ ಹಿಡಿದ.

ಗುಡ್ಡದ ಮೇಲೆ ಅಷ್ಟು ದೊಡ್ಡ ಶಬ್ದ ನಾವು ಕೇಳಿರಲಿಲ್ಲ. ಗೋಳಿಮರದ ಹಕ್ಕಿಗಳೆಲ್ಲ ಎದ್ದವು. ಆಮೇಲೆ ನಾಲ್ಕು ದಿಕ್ಕಿನಿಂದಲೂ ಕೂ! ಗಂಡಸರದು, ಹೆಂಗಸರದು, ಎಲ್ಲೋ ತೀರಾ ಕೆಳಗಿನಿಂದ ಮಕ್ಕಳದು. ಹುಲ್ಲಿನ ನಡುವೆ ಬಣ್ಣಬಣ್ಣದ ಕೊಡೆಗಳು ಮೇಲೆ ಬರತೊಡಗಿದವು. ನಾನು ಬಸ್ಸಿನ ಬಾಗಿಲು ಹಿಡಿದುಕೊಂಡು ಕೊಡೆಗಳನ್ನು ಎಣಿಸುತ್ತ ನಿಂತೆ.

ದೊಡ್ಡಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಬಂದರು. “ಈಗ ಬಾಯಿ ಬಂತಾ ನಿಮ್ಮ ಬಸ್ಸಿಗೆ?”

“ಬಂತು ಅಮ್ಮ. ನೀವು ಒಳಗೆ ಬನ್ನಿ, ಒಳಗೆ ಬೈಯಿರಿ,” ಎಂದ ಕಂಡಕ್ಟರ್.

ಸೀಟು ತುಂಬಿತು, ನಿಲ್ಲಲೂ ಜನ ಆಯಿತು. ಆದರೆ ಧಣಿಗಳು ಗಡಿಯಾರ ನೋಡಿದರು. “ಜನ ಉಂಟು, ಒಪ್ಪಿದೆ. ದಿನಾ ಹೀಗೆ ಕಾದರೆ ಡಾಮರು ರಸ್ತೆಯಲ್ಲಿ ನಮ್ಮ ಹಿಂದಿನ ಸಮಯದ ಬಸ್ಸಿನವರು ನನ್ನನ್ನು ಬಿಡ್ತಾರಾ?”

ನಾನು ಅಪ್ಪನ ಕಡೆ ನೋಡಿದೆ. ಮಾತಾಡಿದ್ದು ಕಂಡಕ್ಟರ್: “ನಾಳೆ ಕೆಳಗಿನ ತಿರುವಿನಲ್ಲೇ ಹಾರ್ನ್ ಹಾಕುವ ಧಣಿ. ನಮ್ಮ ಈ ಮುದುಕ ಬಸ್ ಏರು ಹತ್ತುವಷ್ಟರಲ್ಲಿ ಇವರು ಎರಡು ಸಲ ಬಂದು ಹೋಗಿಯಾರು.”

ಬಸ್ಸಿನೊಳಗೆ ನಗು ಎದ್ದಿತು. ಧಣಿಗಳೂ ನಕ್ಕರು. “ಹಾಗೇ ಮಾಡು. ಬಸ್ ನಿಲ್ಲಿಸುವುದಿಲ್ಲ.” ಕೊನೆಯ ಮಾತನ್ನು ಅವರು ಅಪ್ಪನ ಕಡೆ ತಿರುಗಿ ಹೇಳಿದರು. ಅಪ್ಪ ಕಟ್ಟಿದ ಕೈ ಬಿಚ್ಚಿದರು.

ಆ ಸಂಜೆ ಚಹಾ ಕುಡಿಯುತ್ತ ಅಪ್ಪ, “ಸರ್ಟಿಫಿಕೇಟೆಲ್ಲ ತೆಗೆದಿಟ್ಟುಕೋ,” ಎಂದರು. ನಾನು “ಹೂಂ” ಎಂದೆ. ಅಷ್ಟೇ ಮಾತು. ಒಳಗೆ ಹೋಗಿ ಮಂಚದ ಮೇಲೆ ಕೂತು, ದಿಂಬು ಬಾಯಿಗೊತ್ತಿಕೊಂಡು ನಕ್ಕೆ.

ಮರುದಿನ ಬೆಳಿಗ್ಗೆ ಕೆಳಗಿನ ತಿರುವಿನಿಂದ ಹಾರ್ನ್ ಕೇಳುವ ಮೊದಲೇ ನಾನು ಮರದ ಕೆಳಗಿದ್ದೆ. ಬಸ್ಸು ಬಂದೊಡನೆ ಹತ್ತಿ ಕಿಟಕಿಯ ಬದಿಗೆ ಕೂತು, ಕಂಡಕ್ಟರನಿಗೆ “ಕಾಲೇಜಿಗೆ ಒಂದು,” ಎಂದೆ.

“ಈ ಬಸ್ಸಿನಲ್ಲಿ ಕಾಲೇಜು ಇಲ್ಲ. ಬದಿಯಡ್ಕ ಉಂಟು, ಸಾಕಾ?”

ಸಾಕು ಎಂದು ಟಿಕೆಟ್ ತೆಗೆದುಕೊಂಡೆ.